ಕಾರ್ಟ್‌ರೈಡರ್ ಮೆರೆದದ್ದು ಹೇಗೆ, ಮುಚ್ಚಿದ್ದು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಕಂಪ್ಯೂಟರ್ ಅಂಗಡಿ ಇರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ. ನೀರ್ಚಾಲು, ಪೆರ್ಲ, ಮುಳ್ಳೇರಿಯ ಕಡೆಯ ಮಕ್ಕಳು ಶಾಲೆಯ ಪ್ರಾಜೆಕ್ಟ್ ಪ್ರಿಂಟ್ ತೆಗೆಸಲು ಬಂದರೆ ಗೇಮಿನ ಮಾತು ಎತ್ತದೆ ಹೋಗುವುದಿಲ್ಲ. ಈಚೆಗೆ ಅವರು ಜಾಸ್ತಿ ಕೇಳುವುದು ಕಾರ್ಟ್‌ರೈಡರ್ ಬಗ್ಗೆ. ಕೆಲವರು ಯೂಟ್ಯೂಬಿನಲ್ಲಿ ನೋಡಿದವರು, ಕೆಲವರು ಗಲ್ಫಿನಿಂದ ರಜೆಗೆ ಬಂದ ನೆಂಟರ ಮಕ್ಕಳಿಂದ ಕೇಳಿ ತಿಳಿದವರು. ಅವರ ಅಪ್ಪ ಅಮ್ಮಂದಿರಿಗೆ ಬೇರೆಯೇ ಪ್ರಶ್ನೆಗಳು ಉಂಟು. ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಕಾರ್ಟ್‌ರೈಡರ್ ಅಂದರೆ ಯಾವ ಆಟ?

ದಕ್ಷಿಣ ಕೊರಿಯಾದ ನೆಕ್ಸಾನ್ ಕಂಪನಿ 2004ರಲ್ಲಿ ಬಿಟ್ಟ ಆನ್‌ಲೈನ್ ರೇಸ್ ಆಟ. ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿಗಳು, ದೊಡ್ಡ ತಲೆಯ ಮುದ್ದು ಪಾತ್ರಗಳು, ಒಂದು ರೇಸಿನಲ್ಲಿ ಎಂಟು ಜನರ ತನಕ. ಇದರ ಡಾವೋ, ಬಾಜಿ ಎಂಬ ಪಾತ್ರಗಳು ಅದೇ ಕಂಪನಿಯ ಕ್ರೇಜಿ ಆರ್ಕೇಡ್ ಎಂಬ ಹಿಂದಿನ ಆಟದಿಂದ ಬಂದವು. ಕಾರ್ಟ್ ಓಟವೇನೂ ಇವರು ಕಂಡುಹಿಡಿದದ್ದಲ್ಲ. ನಿಂಟೆಂಡೊ ಕಂಪನಿಯ ಸೂಪರ್ ಮಾರಿಯೋ ಕಾರ್ಟ್ 1992ರಲ್ಲೇ ಬಂದಿತ್ತು. ಆದರೆ ಮಾರಿಯೋ ಆಡಲು ನಿಂಟೆಂಡೊದ ಯಂತ್ರವೇ ಬೇಕು. ಕಾರ್ಟ್‌ರೈಡರಿಗೆ ಒಂದು ಸಾಧಾರಣ ಕಂಪ್ಯೂಟರ್ ಮತ್ತು ಇಂಟರ್‌ನೆಟ್ ಇದ್ದರೆ ಸಾಕಿತ್ತು.

ಕಾರ್ ಗೇಮ್ ಬೇಕಾದಷ್ಟು ಉಂಟಲ್ಲ ಅಣ್ಣಾ, ಇದರಲ್ಲಿ ಏನು ವಿಶೇಷ?

ಡ್ರಿಫ್ಟ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಆಟದ ಏಳುಬೀಳು ಎರಡೂ ಇದರ ಸುತ್ತಲೇ ಇವೆ.

ತಿರುವು ಬಂತು ಅಂತ ಇಟ್ಟುಕೊಳ್ಳಿ. ಬಾಣದ ಕೀ ಒತ್ತಿ ಸುಮ್ನೆ ತಿರುಗಿಸಿದರೆ ಕಾರ್ಟ್ ನಿಧಾನವಾಗಿ, ಅಗಲವಾಗಿ ತಿರುಗುತ್ತದೆ. ಬಾಣದ ಜೊತೆ ಶಿಫ್ಟ್ ಕೀ ಒತ್ತಿದರೆ ಹಿಂದಿನ ಚಕ್ರ ಜಾರುತ್ತದೆ. ಹಾಗೆ ಜಾರಿದಷ್ಟು ಹೊತ್ತು ಕೆಳಗಿರುವ ಒಂದು ಪಟ್ಟಿ ತುಂಬುತ್ತಾ ಬರುತ್ತದೆ. ಪಟ್ಟಿ ಪೂರ್ತಿ ತುಂಬಿದರೆ ಒಂದು ಬೂಸ್ಟರ್ ಕೈಗೆ ಬರುತ್ತದೆ. ಕಂಟ್ರೋಲ್ ಕೀ ಒತ್ತಿದರೆ ಕಾರ್ಟ್ ಹಾರಿದಂತೆ ಓಡುತ್ತದೆ. ಆದರೆ ಜಾರುವಾಗ ವೇಗ ಕಮ್ಮಿಯಾಗುತ್ತದೆ. ಜಾಸ್ತಿ ಜಾರಿದರೆ ಗೋಡೆಗೆ ಬಡಿಯುತ್ತೀರಿ, ಕಮ್ಮಿ ಜಾರಿದರೆ ಪಟ್ಟಿ ತುಂಬುವುದಿಲ್ಲ. ಜಾರಿ ಮುಗಿದ ಆ ಕ್ಷಣಕ್ಕೇ ಮುಂದಕ್ಕೆ ಓಡಿಸುವ ಬಾಣದ ಕೀಯನ್ನು ಬಿಟ್ಟು ಮತ್ತೆ ಒತ್ತಿದರೆ ಇನ್ನೊಂದು ಸಣ್ಣ ನೂಕು ಸಿಗುತ್ತದೆ. ಕಲಿಯಲು ಹತ್ತು ನಿಮಿಷ ಸಾಕು, ಪಳಗಲು ವರ್ಷಗಳು ಬೇಕು. ಒಳ್ಳೆಯ ಆಟದ ಲಕ್ಷಣವೇ ಅದು.

ಇದು ಸ್ಪೀಡ್ ಮೋಡ್. ಇನ್ನೊಂದು ಐಟಂ ಮೋಡ್. ಅದರಲ್ಲಿ ಬಾಳೆಹಣ್ಣಿನ ಸಿಪ್ಪೆ, ನೀರಿನ ಬಾಂಬು, ಕ್ಷಿಪಣಿ, ಅಯಸ್ಕಾಂತ ಎಲ್ಲ ಸಿಗುತ್ತವೆ. ಹಿಂದೆ ಬಿದ್ದವನೂ ಗೆಲ್ಲಬಹುದು. ಡ್ರಿಫ್ಟ್ ಬಾರದ ಎಳೆಯ ತಂಗಿಯೂ ಅಣ್ಣನನ್ನು ಸೋಲಿಸಬಹುದು. ಒಂದೇ ಆಟದೊಳಗೆ ಕೌಶಲದ ಓಟ ಬೇಕಾದವರಿಗೂ, ನಕ್ಕು ಆಡುವವರಿಗೂ ಜಾಗ ಇತ್ತು. ಹೊಸಬರು ಹಳಬರ ನಡುವೆ ಸಿಕ್ಕಿಹಾಕಿಕೊಳ್ಳದಂತೆ ಲೈಸೆನ್ಸ್ ಪರೀಕ್ಷೆಗಳನ್ನೂ ಇಟ್ಟಿದ್ದರು. ಪರೀಕ್ಷೆ ಪಾಸಾದ ಹಾಗೆ ಮೇಲಿನ ಹಂತ.

ಕೊರಿಯಾದಲ್ಲಿ ಅಷ್ಟೊಂದು ಹೆಸರು ಮಾಡಿದ್ದು ಹೇಗೆ?

ಅಲ್ಲಿ ಪಿಸಿ ಬಾಂಗ್ ಅಂತ ಇವೆ. ಗಂಟೆಗೆ ಇಷ್ಟು ಅಂತ ಕೊಟ್ಟು ಕೂತು ಆಡುವ ಕಂಪ್ಯೂಟರ್ ಅಂಗಡಿಗಳು. 2000ದ ಹೊತ್ತಿಗೆ ಕೊರಿಯಾದಲ್ಲಿ ಮನೆ ಮನೆಗೂ ಬ್ರಾಡ್‌ಬ್ಯಾಂಡ್ ಬರುತ್ತಿತ್ತು. ಶಾಲೆ ಬಿಟ್ಟ ಹುಡುಗರು ಗುಂಪಾಗಿ ಪಿಸಿ ಬಾಂಗಿಗೆ ಹೋಗುತ್ತಿದ್ದರು. ಅಲ್ಲಿ ಆಗ ಸ್ಟಾರ್‌ಕ್ರಾಫ್ಟ್‌ನದೇ ರಾಜ್ಯ. ಅದು ಯುದ್ಧದ ಆಟ, ಕಲಿಯುವುದು ಕಷ್ಟ. ಕಾರ್ಟ್‌ರೈಡರ್ ಬಂದದ್ದೇ ತಡ, ಅದುವರೆಗೆ ಗೇಮ್ ಮುಟ್ಟದಿದ್ದ ಹುಡುಗಿಯರು, ಸಣ್ಣ ಮಕ್ಕಳು, ಆಫೀಸಿಗೆ ಹೋಗುವವರು ಎಲ್ಲ ಕೂತರು. ಸ್ಟಾರ್‌ಕ್ರಾಫ್ಟ್‌ಗೇ ಪೈಪೋಟಿ ಕೊಡುವ ಮಟ್ಟಕ್ಕೆ ಬೆಳೆಯಿತು.

2005ರಿಂದ ಲೀಗ್ ಶುರುವಾಯಿತು, ಟಿವಿಯಲ್ಲಿ ಬಂತು. ಮೂನ್ ಹೋ-ಜುನ್ ಎಂಬ ಆಟಗಾರ ಚಿಕ್ಕ ಹುಡುಗನಾಗಿದ್ದಾಗಲೇ ಲೀಗಿಗೆ ಇಳಿದು, ದೊಡ್ಡವನಾಗುವ ಹೊತ್ತಿಗೆ ಈ ಆಟದ ಅತಿ ದೊಡ್ಡ ಹೆಸರಾದ. ಒಬ್ಬ ಆಟಗಾರ ಬೆಳೆಯುವುದನ್ನು ಜನ ವರ್ಷಗಟ್ಟಲೆ ನೋಡಿದರು. ಆಮೇಲೆ ಆಟ ಚೀನಾ, ತೈವಾನ್‌ಗಳಲ್ಲೂ ಬೇರೂರಿತು. ಅಮೆರಿಕದಲ್ಲಿ 2007ರಲ್ಲಿ ಬೀಟಾ, ಅಂದರೆ ಪರೀಕ್ಷೆಗೆ ಬಿಡುವ ಹಂತದ ತನಕ ಹೋಗಿ, ಪೂರ್ತಿ ಶುರುವಾಗುವ ಮೊದಲೇ ನಿಂತುಹೋಯಿತು.

ಫ್ರೀ ಆಟ ಅಂತೀರಿ, ಕಂಪನಿಗೆ ದುಡ್ಡು ಎಲ್ಲಿಂದ?

ಆಡುವುದು ಫ್ರೀ. ಒಳಗೆ ಕಾರ್ಟ್, ಬಣ್ಣ, ಬಟ್ಟೆ, ಬಲೂನು ಮಾರಾಟಕ್ಕೆ. ಈ ದಾರಿ ಹಿಡಿದ ಮೊದಲಿಗರಲ್ಲಿ ನೆಕ್ಸಾನ್ ಒಂದು. ಇವತ್ತು ಪ್ಲೇ ಸ್ಟೋರಿನ ಬೇಕಾದಷ್ಟು ಆಟಗಳು ಹೀಗೇ ನಡೆಯುತ್ತವೆ.

ಬಟ್ಟೆ ಮಾರಿದರೆ ಯಾರಿಗೂ ನಷ್ಟ ಇಲ್ಲ. ವೇಗದ ಕಾರ್ಟ್ ಮಾರಿದರೆ ಕಥೆ ಬೇರೆ. ಹೊಸ ಎಂಜಿನ್ ಬಂದಾಗ ಹಳೇ ಕಾರ್ಟ್ ಹಿಂದೆ ಬೀಳುತ್ತದೆ. ಮತ್ತೆ ಇನ್ನೊಂದು ಎಂಜಿನ್. ವರ್ಷಗಳು ಹೋದ ಹಾಗೆ ಎಕ್ಸ್ ಎಂಜಿನ್, ವಿ1 ಎಂಜಿನ್ ಅಂತ ಒಂದರ ಮೇಲೊಂದು ಬಂದವು. ಜೊತೆಗೆ ಲಾಟರಿಯ ಹಾಗೆ ತೆರೆದು ನೋಡುವ ಪೆಟ್ಟಿಗೆಗಳು. ಏನು ಸಿಗುತ್ತದೆ ಅಂತ ಗೊತ್ತಿಲ್ಲದೆ ದುಡ್ಡು ಕೊಡುವುದು. ಮಕ್ಕಳ ಆಟದಲ್ಲಿ ಇದು ಇರಲೇಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಹಾಗಾದರೆ ದುಡ್ಡಿನ ಆಸೆಯಿಂದಲೇ ಬಿತ್ತಾ?

ಅದೊಂದೇ ಅಲ್ಲ. ಹತ್ತು ವರ್ಷ ಆಗುವ ಹೊತ್ತಿಗೆ ಮೊದಲು ಆಡಿದ ಮಕ್ಕಳು ದೊಡ್ಡವರಾಗಿದ್ದರು. ಪಿಸಿ ಬಾಂಗ್‌ಗಳಲ್ಲಿ ಲೀಗ್ ಆಫ್ ಲೆಜೆಂಡ್ಸ್ ಎಂಬ ಇನ್ನೊಂದು ಆಟ ಬಂದು ಕೂತಿತ್ತು. ಚಿಕ್ಕವರು ಫೋನಿಗೆ ಹೋದರು. ಕಾರ್ಟ್‌ರೈಡರ್ ಇತ್ತು, ಆದರೆ ಸದ್ದು ಇರಲಿಲ್ಲ.

ಆಮೇಲೆ ಆದದ್ದು ಈ ಕಥೆಯಲ್ಲಿ ನನಗೆ ಬಹಳ ಇಷ್ಟದ ಭಾಗ. 2018, 2019ರಲ್ಲಿ ಲೈವ್ ಆಡಿ ತೋರಿಸುವ ಯೂಟ್ಯೂಬರ್‌ಗಳು ಹಳೇ ಆಟವನ್ನು ಮತ್ತೆ ಹಿಡಿದರು. ಬಾಲ್ಯದಲ್ಲಿ ಆಡಿ ಬಿಟ್ಟವರು ವಾಪಸ್ ಬಂದರು. ಪಿಸಿ ಬಾಂಗ್ ಪಟ್ಟಿಯಲ್ಲಿ ಕಾರ್ಟ್‌ರೈಡರ್ ಮೇಲೇರಿತು, ಲೀಗಿನ ಟಿಕೆಟ್‌ಗೆ ಮತ್ತೆ ನೂಕುನುಗ್ಗಲು. ಹದಿನೈದು ವರ್ಷದ ಹಳೇ ಆಟ, ಹಳೇ ಚಿತ್ರ, ಅದೇ ಶಿಫ್ಟ್ ಕೀ. ಜನರಿಗೆ ಬೇಕಾಗಿದ್ದದ್ದು ಕೈಗೆ ಅಭ್ಯಾಸವಾದ ಆ ಡ್ರಿಫ್ಟ್ ಮತ್ತು ಜೊತೆಗೆ ಆಡುವ ಗೆಳೆಯರು. ಹೊಳೆಯುವ ಗ್ರಾಫಿಕ್ಸ್ ಯಾರೂ ಕೇಳಿರಲಿಲ್ಲ.

ಇಷ್ಟೆಲ್ಲ ಚೆನ್ನಾಗಿದ್ದರೆ ಮುಚ್ಚಿದ್ದು ಯಾಕೆ?

ಹೊಸ ಆಟಕ್ಕೆ ಜಾಗ ಮಾಡಲು. 2019ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ನಡೆದ ಎಕ್ಸ್‌ಬಾಕ್ಸ್ ಕಾರ್ಯಕ್ರಮದಲ್ಲಿ ಕಾರ್ಟ್‌ರೈಡರ್ ಡ್ರಿಫ್ಟ್ ಎಂಬ ಹೊಸ ಆಟವನ್ನು ತೋರಿಸಿದರು. ಕಂಪ್ಯೂಟರ್, ಫೋನ್, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಎಲ್ಲದರಲ್ಲೂ ಒಟ್ಟಿಗೆ ಆಡುವ ಆಟ. ದುಡ್ಡು ಕೊಟ್ಟವನೇ ಗೆಲ್ಲುವ ಪದ್ಧತಿ ಇಲ್ಲ, ಲಾಟರಿ ಪೆಟ್ಟಿಗೆ ಇಲ್ಲ ಅಂತ ಮಾತು ಕೊಟ್ಟರು. ಆ ಮಾತು ಒಳ್ಳೆಯದೇ. 2023ರ ಜನವರಿ 12ಕ್ಕೆ ಪ್ರೀಸೀಸನ್ ಎಂಬ ಮೊದಲ ಹಂತ, ಮಾರ್ಚ್ 9ಕ್ಕೆ ಪೂರ್ತಿ ಆಟ. ಅದೇ ಮಾರ್ಚ್ 31ಕ್ಕೆ ಕೊರಿಯಾದಲ್ಲಿ ಹಳೇ ಕಾರ್ಟ್‌ರೈಡರ್ ಬಂದ್. 18 ವರ್ಷ ದಾಟಿದ ಆಟ.

ನನ್ನ ಪ್ರಕಾರ ತಪ್ಪಿದ್ದು ಇಲ್ಲೇ. ಹಳೆಯದನ್ನು ನಿಲ್ಲಿಸಿದರೆ ಜನ ತಾವಾಗಿಯೇ ಹೊಸದಕ್ಕೆ ಬರುತ್ತಾರೆ ಅಂದುಕೊಂಡರು. ಹಳೇ ಆಟದಲ್ಲಿ ಹದಿನೆಂಟು ವರ್ಷ ಕಟ್ಟಿದ ರಾಶಿ ರಾಶಿ ಟ್ರ್ಯಾಕ್‌ಗಳಿದ್ದವು. ಹೊಸದರಲ್ಲಿ ಅದಕ್ಕಿಂತ ಎಷ್ಟೋ ಕಮ್ಮಿ ಟ್ರ್ಯಾಕ್‌ಗಳಿಂದ ಶುರು. ಹಳೇ ಗ್ಯಾರೇಜಿನ ಕಾರ್ಟ್‌ಗಳು ಹೊಸದಕ್ಕೆ ಹಾಗೇ ಬರಲಿಲ್ಲ. ಎಲ್ಲಕ್ಕಿಂತ ದೊಡ್ಡದು ಡ್ರಿಫ್ಟ್. ಕೀಬೋರ್ಡ್ ಒತ್ತುವವನೂ ಫೋನಿನ ಪರದೆ ಮುಟ್ಟುವವನೂ ಒಂದೇ ರೇಸಿನಲ್ಲಿ ಓಡಬೇಕಾದರೆ ಓಟವನ್ನು ಇಬ್ಬರಿಗೂ ಹೊಂದಿಸಬೇಕು. ಹಳಬರ ಬೆರಳಿಗೆ ಅದು ಬೇರೆ ಅನ್ನಿಸಿತು. ಜಾರುವ ಪರಿ ಬೇರೆ, ವೇಗದ ಅನುಭವ ಬೇರೆ. ಹೊಸಬರಿಗೆ ಫೋನಿನಲ್ಲಿ ನೂರು ಆಟ ಇದ್ದವು, ಇದೇ ಬೇಕು ಅಂತ ಏನೂ ಇರಲಿಲ್ಲ.

ಜನ ಕಮ್ಮಿಯಾದರೆ ರೇಸ್ ಸಿಗಲು ಕಾಯಬೇಕು. ಕಾಯಬೇಕಾದರೆ ಇನ್ನೂ ನಾಲ್ಕು ಜನ ಬಿಟ್ಟು ಹೋಗುತ್ತಾರೆ. ಆನ್‌ಲೈನ್ ಆಟ ಸಾಯುವುದು ಹೀಗೆ. ಕಡೆಗೆ ಬೇರೆ ದೇಶಗಳಲ್ಲಿ ನಿಲ್ಲಿಸಿ ಕೊರಿಯಾ, ತೈವಾನಿಗೆ ಮಾತ್ರ ಉಳಿಸಿದರು. 2025ರ ಅಕ್ಟೋಬರ್ 16ಕ್ಕೆ ಅದೂ ಮುಚ್ಚಿತು. ಹದಿನೆಂಟು ವರ್ಷ ಓಡಿದ್ದನ್ನು ನಿಲ್ಲಿಸಿ ತಂದದ್ದು ಮೂರು ವರ್ಷವೂ ಓಡಲಿಲ್ಲ. ಹಳೇ ಕಾರ್ಟ್‌ರೈಡರನ್ನು ಕಂಪ್ಯೂಟರಿನಲ್ಲಿ ಮತ್ತೆ ತರುವ ತಯಾರಿ ನಡೆದಿದೆ ಎಂದು ಕಂಪನಿಯೇ ಹೇಳಿತು. ಜನ ಮೊದಲಿಂದ ಕೇಳುತ್ತಿದ್ದದ್ದೂ ಅದನ್ನೇ ಅಲ್ವಾ?

ರಷ್ ಪ್ಲಸ್ ಅಂತ ಒಂದು ಉಂಟಲ್ಲ, ಅದೂ ಹೋಯಿತಾ?

ಇಲ್ಲ. ಕಾರ್ಟ್‌ರೈಡರ್ ರಷ್ ಪ್ಲಸ್ ಬೇರೆ ಆಟ, ಫೋನಿಗೆಂದೇ ಮಾಡಿದ್ದು. 2020ರ ಮೇ ತಿಂಗಳಲ್ಲಿ ಬಂತು. ಕಾರ್ಟ್‌ರೈಡರ್ ಡ್ರಿಫ್ಟ್ ಮುಚ್ಚಿದಾಗಲೂ ಅದು ನಡೆಯುತ್ತಿತ್ತು.

ಅದು ಬಂದ ಹೊತ್ತನ್ನು ನೆನಪು ಮಾಡಿಕೊಳ್ಳಿ. ಲಾಕ್‌ಡೌನ್. ತಲಪಾಡಿ ಗಡಿ ಬಂದ್ ಆಗಿ ಮಂಗಳೂರು ನಮಗೆ ವಿದೇಶ ಆಗಿತ್ತು. ಜೂನ್ 1ಕ್ಕೆ ಕೇರಳ ಸರಕಾರದ ವಿಕ್ಟರ್ಸ್ ಚಾನೆಲಿನಲ್ಲಿ ಫಸ್ಟ್ ಬೆಲ್ ಎಂಬ ಟಿವಿ ಕ್ಲಾಸ್ ಶುರುವಾಯಿತು. ಕನ್ನಡ ಮಾಧ್ಯಮದ ಪಾಠ ನೋಡಲು ನಮ್ಮ ಮಕ್ಕಳು ಯೂಟ್ಯೂಬ್ ತೆರೆಯಬೇಕಾಯಿತು. ಅಲ್ಲಿಯ ತನಕ ಫೋನ್ ಮುಟ್ಟಲು ಬಿಡದ ಮನೆಗಳಲ್ಲೂ ಮಕ್ಕಳ ಕೈಗೆ ಫೋನ್ ಬಂದದ್ದು ಆಗ. ಪಾಠ ಮುಗಿದ ಮೇಲೆ ಅದೇ ಫೋನಿನಲ್ಲಿ ಗೇಮ್. ಮಕ್ಕಳನ್ನು ಬೈದು ಪ್ರಯೋಜನ ಇಲ್ಲ, ಹೊರಗೆ ಆಡಲು ಬಿಟ್ಟವರು ಯಾರು?

ನನ್ನ ನೆಟ್ ಫಾಸ್ಟ್ ಉಂಟು, ಆದರೂ ಕಾರ್ಟ್ ಯಾಕೆ ಹಿಂದೆ ಮುಂದೆ ಹಾರುತ್ತದೆ?

ನೆಟ್ಟಿನ ಅಗಲ ಬೇರೆ, ದೂರ ಬೇರೆ. ನಿಮ್ಮ ಮನೆಯ ಫೈಬರ್ 100 ಎಂಬಿಪಿಎಸ್ ಇರಬಹುದು. ಸರ್ವರ್, ಅಂದರೆ ಆಟವನ್ನು ನಡೆಸುವ ಕಂಪನಿಯ ಕಂಪ್ಯೂಟರ್, ಎಲ್ಲಿದೆ ಅನ್ನುವುದು ಮುಖ್ಯ. ಕಾಸರಗೋಡಿನಿಂದ ಸಿಯೋಲ್‌ಗೆ ನೇರ ಗೆರೆ ಎಳೆದರೂ ಸುಮಾರು 5,800 ಕಿಲೋಮೀಟರ್. ಗಾಜಿನ ತಂತಿಯೊಳಗೆ ಬೆಳಕು ಓಡುವುದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಹೋಗಿ ಬರಲು ಲೆಕ್ಕದಲ್ಲೇ 58 ಮಿಲಿಸೆಕೆಂಡ್. ತಂತಿ ನೇರ ಗೆರೆಯಲ್ಲಿ ಹೋಗುವುದಿಲ್ಲ. ಮುಂಬೈಗೋ ಚೆನ್ನೈಗೋ ಹೋಗಿ ಸಮುದ್ರಕ್ಕೆ ಇಳಿದು, ಹಲವು ಕಡೆ ಹತ್ತಿ ಇಳಿದು ಹೋಗುತ್ತದೆ. ಹಾಗಾಗಿ ನಿಜವಾದ ಹೊತ್ತು ಅದಕ್ಕಿಂತ ಎಷ್ಟೋ ಜಾಸ್ತಿ.

150 ಮಿಲಿಸೆಕೆಂಡ್ ಅಂತ ಹಿಡಿಯೋಣ. ಗಂಟೆಗೆ 200 ಕಿಲೋಮೀಟರ್ ಓಡುವ ಕಾರ್ಟ್ ಅಷ್ಟರಲ್ಲಿ ಎಂಟು ಮೀಟರ್ ಮುಂದೆ ಹೋಗಿರುತ್ತದೆ. ನೀವು ಕಾಣುವ ಎದುರಾಳಿ ಅಲ್ಲಿ ಇರುವುದೇ ಇಲ್ಲ, ನಿಮ್ಮ ಫೋನ್ ಅಂದಾಜಿನಲ್ಲಿ ತೋರಿಸುತ್ತಿರುತ್ತದೆ. ಅಂದಾಜು ತಪ್ಪಿದಾಗ ಕಾರ್ಟ್ ಹಾರಿದ ಹಾಗೆ ಕಾಣುತ್ತದೆ. ರೀಚಾರ್ಜ್ ಪ್ಲಾನ್ ಬದಲಿಸಿದರೆ ಇದು ಸರಿಯಾಗದು. ಸರ್ವರ್ ಆರಿಸುವ ಅವಕಾಶ ಇದ್ದರೆ ಮುಂಬೈ ಅಥವಾ ಸಿಂಗಪುರ ಆರಿಸಿ.

ದುಡ್ಡು ಕೊಟ್ಟು ಕೊಂಡ ಕಾರ್ಟ್ ನನ್ನದಲ್ವಾ? ಹೇಗೆ ತೆಗೆಯುತ್ತಾರೆ?

ಬೇಸರದ ಉತ್ತರವೇ ಕೊಡಬೇಕು. ನಿಮ್ಮದಲ್ಲ. ಶುರುವಿನಲ್ಲಿ ಒಪ್ಪಿಗೆ ಅಂತ ಒತ್ತುತ್ತೀರಲ್ಲ, ಆ ಉದ್ದದ ಬರಹದಲ್ಲಿ ಇದು ಬಳಸುವ ಅನುಮತಿ ಮಾತ್ರ ಅಂತ ಬರೆದಿರುತ್ತಾರೆ. ಟೆಂಟ್ ಮೇಳದ ಯಕ್ಷಗಾನಕ್ಕೆ ಟಿಕೆಟ್ ತೆಗೆದ ಹಾಗೆ. ಕುರ್ಚಿ ಆ ರಾತ್ರಿಗೆ ನಿಮ್ಮದು, ಟೆಂಟು ಮೇಳದವರದು. ವ್ಯತ್ಯಾಸ ಏನೆಂದರೆ ಟೆಂಟು ಯಾವಾಗ ಬಿಚ್ಚುತ್ತಾರೆ ಅಂತ ಯಕ್ಷಗಾನದಲ್ಲಿ ಮೊದಲೇ ಗೊತ್ತಿರುತ್ತದೆ. ಗೇಮಿನಲ್ಲಿ ಗೊತ್ತಿರುವುದಿಲ್ಲ.

ಇದು ಸರಿಯಲ್ಲ ಅಂತ ಹೊರಗೆ ದೊಡ್ಡ ಹೋರಾಟವೇ ನಡೆದಿದೆ. ಯೂಬಿಸಾಫ್ಟ್ ಕಂಪನಿಯ ದಿ ಕ್ರ್ಯೂ ಎಂಬ ಕಾರ್ ರೇಸ್ ಆಟ 2014ರಲ್ಲಿ ಬಂದಿತ್ತು. 2024ರ ಮಾರ್ಚ್ 31ಕ್ಕೆ ಅದರ ಸರ್ವರ್ ನಿಲ್ಲಿಸಿದರು. ಬೆಲೆ ಕೊಟ್ಟು ಕೊಂಡವರಿಗೆ ಒಬ್ಬರೇ ಆಡಲಿಕ್ಕೂ ಆಗದ ಸ್ಥಿತಿ ಬಂತು. ಅಲ್ಲಿಂದ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಎಂಬ ಅಭಿಯಾನ ಹುಟ್ಟಿತು. ಯುರೋಪಿನಲ್ಲಿ ಅವರ ಅರ್ಜಿಗೆ 2025ರಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದರು. ಸರ್ವರ್ ಎಂದೆಂದಿಗೂ ನಡೆಸಿ ಅಂತ ಅವರು ಕೇಳುತ್ತಿಲ್ಲ. ಮುಚ್ಚುವಾಗ ಜನರೇ ಆಡಿಕೊಳ್ಳುವ ಒಂದು ದಾರಿ ಬಿಟ್ಟು ಹೋಗಿ ಅಂತ ಕೇಳುತ್ತಿದ್ದಾರೆ. ನನಗೆ ಇದು ನೂರಕ್ಕೆ ನೂರು ನ್ಯಾಯ ಅನ್ನಿಸುತ್ತದೆ.

ಮಾರಿಯೋ ಕಾರ್ಟ್ ಟೂರ್ ಕಥೆಯೂ ಇದೇನಾ?

ನಿಂಟೆಂಡೊ ಫೋನಿಗೆ ಮಾಡಿದ ಕಾರ್ಟ್ ಆಟ ಅದು. ಮುಚ್ಚಿಲ್ಲ, ನಿಂತಲ್ಲೇ ನಿಂತಿದೆ. 2019ರ ಸೆಪ್ಟೆಂಬರಿನಲ್ಲಿ ಭಾರೀ ಸದ್ದು ಮಾಡಿ ಬಂತು. ದುಡ್ಡು ಹಾಕಿ ಅದೃಷ್ಟ ನೋಡುವ ಪೈಪ್ ಒಂದಿತ್ತು. ಟೀಕೆ ಬಂದ ಮೇಲೆ 2022ರಲ್ಲಿ ತೆಗೆದರು. 2023ರ ಅಕ್ಟೋಬರಿನಿಂದ ಹೊಸದೇನೂ ಬರುತ್ತಿಲ್ಲ, ಟೂರ್ ಎಂಬ ಹಳೇ ಸುತ್ತುಗಳೇ ತಿರುಗಿ ತಿರುಗಿ ಬರುತ್ತಿವೆ.

ಕಂಪನಿ ಬಿಟ್ಟ ಆಟವನ್ನು ಆಡುವವರೇ ನಡೆಸಲು ಆಗುವುದಿಲ್ಲವಾ?

ಆಗುತ್ತದೆ, ಮಾಡಿ ತೋರಿಸಿದ್ದಾರೆ. ಮಾರಿಯೋ ಕಾರ್ಟ್ ವೀ ಆಟದ ಆನ್‌ಲೈನ್ ಸೇವೆಯನ್ನು ನಿಂಟೆಂಡೊ 2014ರ ಮೇ 20ಕ್ಕೆ ನಿಲ್ಲಿಸಿತು. ಅಭಿಮಾನಿಗಳು ವೀಮ್‌ಫೈ ಎಂಬ ತಮ್ಮದೇ ಸರ್ವರ್ ಕಟ್ಟಿದರು. ಕಂಪನಿ ಕೈ ಬಿಟ್ಟು ಹತ್ತು ವರ್ಷ ಕಳೆದರೂ ಜನ ಅದರಲ್ಲಿ ಓಡುತ್ತಿದ್ದರು. ಸಂಬಳ ಇಲ್ಲ, ಪ್ರೀತಿ ಮಾತ್ರ. ಆದರೆ ಸರ್ವರಿನ ಒಳಗುಟ್ಟು ಕಂಪನಿ ಕೊಡುವುದಿಲ್ಲ. ಆಟ ಕಳುಹಿಸುವ ಮಾತುಗಳನ್ನು ಒಂದೊಂದಾಗಿ ನೋಡಿ ಊಹಿಸಿ ಕಟ್ಟಬೇಕು. ಕಷ್ಟದ ಕೆಲಸ, ಕಾನೂನಿನ ಹೆದರಿಕೆಯೂ ಉಂಟು. ಹಾಗಂತ ಯಾರೋ ಕೊಟ್ಟ ಗುರುತಿಲ್ಲದ ಫೈಲ್ ಹಾಕಿಕೊಂಡು ಹಳೇ ಆಟ ಸಿಗುತ್ತದೆ ಅಂತ ನಂಬಬೇಡಿ. ಅಂಥವುಗಳಿಂದ ವೈರಸ್ ಹತ್ತಿದ ಲ್ಯಾಪ್‌ಟಾಪ್‌ಗಳು ನನ್ನ ಅಂಗಡಿಗೆ ಬರುತ್ತಲೇ ಇರುತ್ತವೆ.

ಆನ್‌ಲೈನ್ ಗೇಮ್ ಬ್ಯಾನ್ ಆಗಿದೆ ಅಂತ ಕೇಳಿದೆ. ಮಗ ಆಡಿದರೆ ತೊಂದರೆ ಉಂಟಾ?

2025ರ ಆಗಸ್ಟಿನಲ್ಲಿ ಕೇಂದ್ರದ ಹೊಸ ಕಾನೂನು ಬಂದದ್ದು ನಿಜ. ಅದು ನಿಷೇಧಿಸಿದ್ದು ದುಡ್ಡು ಪಣ ಇಟ್ಟು ದುಡ್ಡು ಗೆಲ್ಲುವ ಆಟಗಳನ್ನು. ರಮ್ಮಿ, ಬೆಟ್ಟಿಂಗ್ ತರಹದವು. ಕೌಶಲದ ಇ-ಸ್ಪೋರ್ಟ್ಸ್ ಮತ್ತು ಸುಮ್ನೆ ಖುಷಿಗೆ ಆಡುವ ಆಟಗಳಿಗೆ ಅದೇ ಕಾನೂನು ಜಾಗ ಕೊಟ್ಟಿದೆ. ಕಾರ್ಟ್ ಓಟ ಆಡಿದ್ದಕ್ಕೆ ಯಾರೂ ಹಿಡಿಯುವುದಿಲ್ಲ. ನೀವು ನೋಡಬೇಕಾದ್ದು ಬೇರೆ. ಮಗುವಿನ ಫೋನಿನ ಪ್ಲೇ ಸ್ಟೋರಿನಲ್ಲಿ ನಿಮ್ಮ ಯುಪಿಐ ಅಥವಾ ಕಾರ್ಡ್ ಸೇರಿಸಿದ್ದೀರಾ? ಸೇರಿಸಿದ್ದರೆ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇವತ್ತೇ ಇಡಿ.

ಆಟ ಮುಚ್ಚಿತು ಅಂತ ಮಗಳು ಊಟ ಬಿಟ್ಟಿದ್ದಾಳೆ. ಇಷ್ಟಕ್ಕೆಲ್ಲ ಅಳುವುದಾ?

ಅಮ್ಮಾ, ದಯವಿಟ್ಟು ಹಾಗೆ ಹೇಳಬೇಡಿ. ಅವಳಿಗೆ ಹೋದದ್ದು ಬರೀ ಆಟ ಅಲ್ಲ. ಅಲ್ಲಿ ದಿನಾ ಸಿಗುತ್ತಿದ್ದ ಗೆಳತಿಯರು ಹೋದರು. ಕೈಗೆ ಬಂದಿದ್ದ ವಿದ್ಯೆಯನ್ನು ತೋರಿಸುವ ಜಾಗ ಹೋಯಿತು. ಯಾವ ಟ್ರ್ಯಾಕ್ ಇಷ್ಟ ಇತ್ತು, ಯಾರ ಜೊತೆ ಆಡುತ್ತಿದ್ದೆ ಅಂತ ಕೇಳಿ ನೋಡಿ. ಹೇಳಿಕೊಳ್ಳಲು ಒಬ್ಬರು ಸಿಕ್ಕಿದರೆ ಸಾಕು, ಊಟಕ್ಕೆ ಬರುತ್ತಾಳೆ. ಪರಿಚಯದ ಗೆಳತಿಯರಾದರೆ ನಂಬರ್ ಬರೆದಿಟ್ಟುಕೊಳ್ಳಲು ಹೇಳಿ, ಗುರುತಿಲ್ಲದವರಾದರೆ ಬೇಡ.

ಯಾರೂ ಮುಚ್ಚಲು ಆಗದ ಕಾರ್ಟ್ ಆಟ ಉಂಟಾ?

ಉಂಟು. ಸೂಪರ್‌ಟಕ್ಸ್‌ಕಾರ್ಟ್. ಪೂರ್ತಿ ಫ್ರೀ, ಜಾಹೀರಾತಿಲ್ಲ, ಒಳಗೆ ಅಂಗಡಿಯೂ ಇಲ್ಲ. ಅದರ ಸೋರ್ಸ್ ಕೋಡ್, ಅಂದರೆ ಆಟವನ್ನು ಕಟ್ಟಿದ ಮೂಲ ಬರಹ, ಎಲ್ಲರಿಗೂ ತೆರೆದಿದೆ. 2019ರಲ್ಲಿ ಬಂದ 1.0 ಆವೃತ್ತಿಯಿಂದ ಆನ್‌ಲೈನ್ ಆಟವೂ ಸೇರಿದೆ. ಸರ್ವರ್ ಯಾರು ಬೇಕಾದರೂ ನಡೆಸಬಹುದು. ಓಡಿಸುವವರು ಟಕ್ಸ್ ಎಂಬ ಪೆಂಗ್ವಿನ್ ಮತ್ತು ಅವನ ಬಳಗ. ಎಸೆಯಲು ಬೌಲಿಂಗ್ ಚೆಂಡು, ಕೇಕ್, ಎದುರಾಳಿಯ ಮುಖಕ್ಕೆ ಅಂಟಿಸುವ ಪ್ಲಂಜರ್. ಇದರಲ್ಲೂ ಜಾರಿ ತಿರುಗಿದರೆ ಬೂಸ್ಟ್ ಸಿಗುತ್ತದೆ. ಕಾರ್ಟ್‌ರೈಡರಿನಷ್ಟು ನಯ ಇಲ್ಲ, ಅದನ್ನು ಒಪ್ಪುತ್ತೇನೆ.

ನಮ್ಮ ಮಕ್ಕಳಿಗೆ ಇದು ಸುಲಭ. ಕೇರಳದ ಶಾಲೆಗಳ ಲ್ಯಾಬಿನಲ್ಲಿ ಸರಕಾರದ ಕೈಟ್ ಸಂಸ್ಥೆ ಕೊಟ್ಟ ಲಿನಕ್ಸ್ (ಈ ಆಟ ಓಡುವ ಒಂದು ಫ್ರೀ ಆಪರೇಟಿಂಗ್ ಸಿಸ್ಟಮ್) ಇರುತ್ತದೆ, ಐಸಿಟಿ ಪಠ್ಯ ಕನ್ನಡದಲ್ಲೂ ಇದೆ. ಲಿಟಲ್ ಕೈಟ್ಸ್ ಎಂಬ ಶಾಲಾ ಐಟಿ ಕ್ಲಬ್ಬಿನಲ್ಲಿರುವ ಮಕ್ಕಳಿಗಂತೂ ಹೇಳಿಕೊಡುವುದೇ ಬೇಡ. ಟೀಚರ ಒಪ್ಪಿಗೆ ಕೇಳಿಕೊಂಡೇ ಹಾಕಿ.

ಇಂಟರ್‌ನೆಟ್ ಇಲ್ಲದೆ ನಾವು ನಾಲ್ಕು ಜನ ಆಡುವುದು ಹೇಗೆ?

ಒಂದೇ ಕಂಪ್ಯೂಟರ್ ಇದ್ದರೆ ಪರದೆಯನ್ನು ಪಾಲು ಮಾಡಿ ಆಡಬಹುದು. ಒಬ್ಬನಿಗೆ ಬಾಣದ ಕೀಗಳು, ಉಳಿದವರಿಗೆ ಗೇಮ್‌ಪ್ಯಾಡ್. ಬೇರೆ ಬೇರೆ ಫೋನ್, ಲ್ಯಾಪ್‌ಟಾಪ್ ಇದ್ದರೆ ಇನ್ನೂ ಚೆನ್ನ. ಒಬ್ಬರು ಫೋನಿನ ಹಾಟ್‌ಸ್ಪಾಟ್ ಹಾಕಿ, ಡೇಟಾ ಆಫ್ ಇದ್ದರೂ ತೊಂದರೆ ಇಲ್ಲ. ಎಲ್ಲರೂ ಅದಕ್ಕೆ ಸೇರಿಕೊಳ್ಳಿ. ಆಟದಲ್ಲಿ ಆನ್‌ಲೈನ್ ಅಂತ ಇರುವ ಕಡೆ ಹೋಗಿ ಲೋಕಲ್ ನೆಟ್‌ವರ್ಕಿನಲ್ಲಿ ಸರ್ವರ್ ಮಾಡಿ. ಉಳಿದವರ ಪಟ್ಟಿಯಲ್ಲಿ ಅದು ಕಾಣುತ್ತದೆ. ಇದಕ್ಕೆ ಅಕೌಂಟ್ ಬೇಡ.

ಎಲ್ಲರ ಹತ್ತಿರವೂ ಒಂದೇ ಆವೃತ್ತಿ ಇರಲಿ, ಇಲ್ಲದಿದ್ದರೆ ಸೇರಲು ಆಗುವುದಿಲ್ಲ. ಪಟ್ಟಿಯಲ್ಲಿ ಸರ್ವರ್ ಕಾಣದಿದ್ದರೆ ಲ್ಯಾಪ್‌ಟಾಪಿನ ಫೈರ್‌ವಾಲ್ ಅಡ್ಡ ನಿಂತಿರಬಹುದು, ಆಟಕ್ಕೆ ಅನುಮತಿ ಕೊಡಿ. ಕೆಲವು ವೈಫೈ ರೂಟರ್‌ಗಳು ಒಂದು ಫೋನ್ ಇನ್ನೊಂದರ ಜೊತೆ ಮಾತಾಡಲು ಬಿಡುವುದಿಲ್ಲ. ಆಗ ರೂಟರ್ ಬಿಟ್ಟು ಹಾಟ್‌ಸ್ಪಾಟಿಗೆ ಬನ್ನಿ. ಇಷ್ಟಾದರೂ ಆಗದಿದ್ದರೆ ಸಂಜೆ ನಾಲ್ಕೂವರೆ ಮೇಲೆ ಅಂಗಡಿಗೆ ಫೋನ್ ಹಿಡಿದುಕೊಂಡು ಬನ್ನಿ, ಹಾಕಿ ಕೊಡುತ್ತೇನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.